ಕಾಗದ ಕೊಡುವ ಅಪ್ಪಣೆ

ಕ್ಲೀಥಾರ್ಪ್ಸ್,
ನವೆಂಬರ್ 6

ಮುದ್ದು ಹೆಸ್ಟರ್‌ಗೆ,

ಫೋನಿನಲ್ಲಿ ಮುಗಿಯುವ ಮಾತನ್ನು ಬರೆದು ಕಳಿಸಿ ಅಂದೆಯಲ್ಲ, ನಿನಗೆ ಬುದ್ಧಿ ಇದೆಯಾ? ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ಮೀನು ಕರಿಯಲು ನಿಂತವಳು ನಾನು. ಪೆನ್ನು ಹಿಡಿದರೆ ಬೆರಳು ಸೆಳೆಯುತ್ತದೆ. ಆದರೂ ಬರೆಯುತ್ತಿದ್ದೇನೆ, ಓದು.

ಅಂಗಡಿಯ ಗುತ್ತಿಗೆ ಮುಂದುವರಿಸಲು ನೀನು ಬರೆದುಕೊಟ್ಟ ಅರ್ಜಿಯನ್ನು ಸೋಮವಾರ ಗ್ರಿಮ್ಸ್‌ಬಿ ಕೋರ್ಟಿಗೆ ಹೋಗಿ ಕೊಟ್ಟೆ. ಗಾಜಿನ ಹಿಂದೆ ಕೂತವಳು, "ನಿಮ್ಮ ವಕೀಲರು ಯಾರಮ್ಮಾ?" ಅಂದಳು. ತಮ್ಮನ ಮಗಳು, ಲೀಡ್ಸಿನಲ್ಲಿ ಬ್ಯಾರಿಸ್ಟರ್ ಅಂದೆ. "ಮತ್ತೆ ಇಲ್ಲಿ ನಿಮ್ಮ ಹೆಸರೊಂದೇ ಇದೆ?" ಅವಳು ಬರೀತಾಳೆ, ವಾದ ಮಾಡ್ತಾಳೆ, ಕೋರ್ಟಿಗೆ ಕಾಗದ ಕೊಡೋ ಹಾಗಿಲ್ವಂತೆ ಅಂದೆ. ಹಿಂದೆ ನಿಂತವರೆಲ್ಲ ನಕ್ಕರು. ಅಂಗಡಿಗೆ ಬಂದರೆ ಬೆರಿಲ್ ಬೇರೆ. ಹಿಟ್ಟು ಕಲಸುತ್ತಾ, "ಏನ್ ವಿನ್ನಿ, ಮನೇಲೇ ಬ್ಯಾರಿಸ್ಟರ್ ಇಟ್ಕೊಂಡು ನೀನ್ಯಾಕೆ ಬಸ್ಸಲ್ಲಿ ಅಲೀತೀಯಾ? ಅವಳನ್ನ ಕರ್ಸು, ಆಲೂಗಡ್ಡೆನಾದ್ರೂ ಸುಲೀಲಿ" ಅಂದಳು.

ನೀನು ಹೇಳಿದ್ದು ಮರೆತಿಲ್ಲ. ನಿಮ್ಮ ಬ್ಯಾರಿಸ್ಟರುಗಳ ಮಂಡಳಿಯ ಅಪ್ಪಣೆಯಿಲ್ಲದೆ ಬೇರೆಯವರ ಪರವಾಗಿ ಕೋರ್ಟಿಗೆ ಕಾಗದ ಕೊಟ್ಟರೆ ಅಪರಾಧ. ಅಪ್ಪಣೆ ಬೇಕೆಂದರೆ ಬಂದ ಕಾಗದ ತೆಗೆದುಕೊಳ್ಳಲು ಕಚೇರಿಯಲ್ಲಿ ಜನ ಇರಬೇಕು, ಗಡುವು ತಪ್ಪದ ಹಾಗೆ ವ್ಯವಸ್ಥೆ ಬೇಕು, ವಿಮೆ ಬೇಕು, ಕೋರ್ಟಿನ ರೀತಿನಿಯಮ ಗೊತ್ತಿದೆಯೆಂದು ತೋರಿಸಬೇಕು. ನೀನೋ ಮನೆಯ ಹಿಂದಿನ ಕೋಣೆಯಲ್ಲಿ ಒಬ್ಬಳೇ ಕೂತು ದುಡಿಯುವವಳು. "ಮುಂದಿನ ವರ್ಷ ಅಪ್ಪಣೆಗೆ ಅರ್ಜಿ ಹಾಕ್ತೀನಿ ಅತ್ತೆ" ಅಂದೆ. ಮುಂದಿನ ವರ್ಷ ನನ್ನ ಅಂಗಡಿ ಇದ್ದರೆ ತಾನೇ? ಕಟ್ಟಡದ ಮಾಲೀಕ ಗುತ್ತಿಗೆ ಮುಂದುವರಿಸದೆ ಎಲ್ಲ ಕೆಡವಿ ಫ್ಲಾಟು ಕಟ್ಟಲು ಕೂತಿದ್ದಾನೆ.

ಕೋರ್ಟಿನ ಕಾಗದಪತ್ರವೆಲ್ಲ ನೋಡಿಕೊಳ್ಳುವ ಸಾಲಿಸಿಟರ್ ಒಬ್ಬನನ್ನು ಹಿಡಿಯಿರಿ ಅನ್ನಬೇಡ. ಹಿಂದೆ ಹಿಡಿದವನು ಕೊನೆಯವರೆಗೂ ನನ್ನನ್ನು ಬೇರೆ ಯಾರದೋ ಹೆಸರಿನಿಂದ ಕರೆದ. ನನಗೆ ನೀನೇ ಬೇಕು. ಒಬ್ಬರನ್ನು ಕೆಲಸಕ್ಕಿಟ್ಟುಕೋ, ಈಗಲೇ ಅಪ್ಪಣೆಗೆ ಹಾಕು. ಅಷ್ಟರವರೆಗೆ ಹೇಗೋ ಎಳೆಯುತ್ತೇನೆ. ಆಗುವುದಿಲ್ಲವೆಂದರೆ ಅದನ್ನೂ ಹೇಳಿಬಿಡು, ಬೀಗದ ಕೈ ಆ ಮಾಲೀಕನ ಮುಖದ ಮೇಲೆ ಎಸೆದು ಮಲಗುತ್ತೇನೆ. ದಣಿದಿದ್ದೇನೆ ಮಗಳೇ. ಕರಿಯುವುದರಿಂದಲ್ಲ.

ಇಂತಿ ನಿನ್ನ ಅತ್ತೆ,
ವಿನಿಫ್ರೆಡ್

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಬರೆಯಲು ಮನಸ್ಸಿರಲಿಲ್ಲ. ಮಾಲೀಕನ ವಕೀಲರಿಂದ ಬಂದ ಎರಡು ಲಕೋಟೆ ಹಿಟ್ಟಿನ ಮೂಟೆಯ ಹಿಂದೆ ಇವೆ. ಒಂದು ಹೋದ ತಿಂಗಳದ್ದು. ಒಡೆದಿಲ್ಲ, ಧೈರ್ಯ ಬರಲಿಲ್ಲ. ಏನೂ ಬಂದಿಲ್ಲ ಅಂತ ನಿನಗೆ ಹೇಳಿದ್ದು ಸುಳ್ಳು. ನನ್ನ ವಿಳಾಸಕ್ಕೆ ಬಂದರೆ ಸಾಕು, ಓದದಿದ್ದರೂ ಉತ್ತರ ಕೊಡುವ ಗಡುವು ಓಡುತ್ತದೆ ಅಂತ ನೀನೇ ಹೇಳಿದ್ದೆ. ನೀನೇ ಬಂದು ಒಡೆ. ಬೈಯಬೇಡ. ಯಾವತ್ತು ಬರುತ್ತೀ ಅಂತ ಮಂಗಳವಾರ, ಹನ್ನೊಂದನೇ ತಾರೀಕಿನೊಳಗೆ ತಿಳಿಸು.