ಪುಟ್ಟಿ ಎಲ್ಲಪ್ಪಾ?

ಪ್ರೀತಿಯ ತಮ್ಮನಿಗೆ,

ನೀನಿನ್ನೂ ಎದ್ದಿಲ್ಲ, ನಾನು ಮೊದಲ ಬಸ್ಸು ಹಿಡಿಯಬೇಕು. ಅದಕ್ಕೇ ಈ ಪತ್ರವನ್ನು ನಿನ್ನ ಹೊಸ ಗಾಡಿಯ ಸ್ಟೀರಿಂಗಿಗೆ ಅಂಟಿಸಿದ್ದೇನೆ.

"ಪತ್ರಿಕೇಲಿ ಊರವರ ಗಾಡಿಗೆಲ್ಲ ಅಂಕ ಕೊಡ್ತೀಯ, ನನ್ನದಕ್ಕೂ ಕೊಡಕ್ಕಾ" ಅಂದೆಯಲ್ಲ. ಏಳು ಜನ ಆರಾಮವಾಗಿ ಕಾಲು ಚಾಚಬಹುದು. ಗುಂಡಿ ಬಿದ್ದ ರಸ್ತೆಯಲ್ಲೂ ಅಮ್ಮ ಸೊಂಟನೋವು ಅನ್ನಲಿಲ್ಲ.

ಆದರೆ ಬಾನೆಟ್ಟು ನನ್ನ ಎದೆಯೆತ್ತರವಿದೆ. ನೀನು ಮುಂದಿನ ಕ್ಯಾಮೆರಾ ಬೇಡವೆಂದು ಸನ್‌ರೂಫ್ ಹಾಕಿಸಿಕೊಂಡಿದ್ದೀಯ. ನಿನ್ನೆ ಬಾನೆಟ್ಟಿನ ಮುಂದೆ ನಿನ್ನ ಮಗಳ ಸೈಕಲ್ ನಿಲ್ಲಿಸಿ, ಗಾಡಿ ಹತ್ತಿ ನಿನ್ನ ಸೀಟಿನಲ್ಲಿ ಕೂತು ನೋಡಿದೆ. ಸೈಕಲ್ ಕಾಣಲಿಲ್ಲ. ಅಷ್ಟರಲ್ಲಿ ಪುಟ್ಟಿಯೇ ಬಂದು ಅಲ್ಲಿ ಕೈ ಬೀಸುತ್ತ ನಿಂತಿದ್ದಳಂತೆ. ಅವಳೂ ಕಾಣಲಿಲ್ಲ.

ಹಳೆಯ ಕಾರಿನ ಮುಂದೆ ಅವಳು ದಿನಾ ಬೆಳಿಗ್ಗೆ ಬಚ್ಚಿಟ್ಟುಕೊಳ್ಳುತ್ತಿದ್ದಳು. ನೀನು ಅವಳ ಜುಟ್ಟು ನೋಡುತ್ತಲೇ, "ಪುಟ್ಟಿ ಎಲ್ಲಪ್ಪಾ?" ಎಂದು ಕಾಣದವನಂತೆ ನಟಿಸುತ್ತಿದ್ದೆ. ಇನ್ನು ನಟಿಸಬೇಕಾಗಿಲ್ಲ.

ಈ ಆಟ ಬಿಡೇ ಎಂದು ರಾತ್ರಿ ನಾನು ಅವಳಿಗೆ ಹೇಳಿದೆ. "ಅಪ್ಪ ಸುಮ್ನೆ ನಾಟಕ ಆಡ್ತಾನೆ ಅತ್ತೆ, ಅವನಿಗೆ ನಾನು ಕಾಣ್ತೀನಿ" ಎಂದು ನಕ್ಕಳು.

ನೀನೀಗ ಸೀಟಿನಲ್ಲಿ ಕೂತು ಇದನ್ನು ಓದುತ್ತಿದ್ದೀಯ. ಸ್ಟಾರ್ಟ್ ಮಾಡಬೇಡ. ಇಳಿದು, ಮುಂದೆ ಹೋಗಿ ನೋಡು.

ನಿನ್ನ ಅಕ್ಕ