ನಲವತ್ತೊಂದನೆಯ ಸಂಖ್ಯೆ

ನವೆಂಬರ್ ೧೯, ಮಂಗಳವಾರ

ಸಾಲ, ವಿಮೆ ಎಂದು ಕಾಡುವ ಕರೆಗಳನ್ನು ತಡೆಯಲು ನಾನು ಸಿದ್ಧಪಡಿಸಿದ ಪಟ್ಟಿಯನ್ನು ಕಟ್ಟಡದ ಅರವತ್ತು ಮನೆಯವರೂ ತಮ್ಮ ಫೋನಿಗೆ ಹಾಕಿಕೊಂಡಿದ್ದಾರೆ. ಅದರ ನಲವತ್ತೊಂದನೆಯ ಸಂಖ್ಯೆ ನನ್ನ ಹೆಂಡತಿಯ ತಮ್ಮನದು. ಜೂನ್‌ನಲ್ಲಿ, ನಾನು ಕಟ್ಟಡದ ವಿದ್ಯುತ್ ಮೀಟರ್ ಪರೀಕ್ಷಿಸುತ್ತಿದ್ದಾಗ, ಅವನು ನಾಲ್ಕು ಬಾರಿ ಕರೆ ಮಾಡಿದ್ದ. ಸಿಟ್ಟಿನಲ್ಲಿ ಸೇರಿಸಿದೆ, ಆಮೇಲೆ ತೆಗೆಯಲೇ ಇಲ್ಲ.

ವಾಷಿಂಗ್ ಮಷೀನ್ ರಿಪೇರಿ ಅವನ ಕಸುಬು. ಗಿರಾಕಿಗಳು ಹೆಚ್ಚಾಗಿ ಈ ಕಟ್ಟಡದವರೇ. ಸರ್ವೀಸಿನ ಸಮಯ ಬಂದಾಗ ತಾನೇ ಫೋನ್ ಮಾಡಿ ಹೋಗುತ್ತಾನೆ. ಇಂದು ಸಂಜೆ ಬಂದು ತನ್ನ ಫೋನನ್ನು ನನ್ನ ಮುಂದಿಟ್ಟ.

“ಭಾವ, ನಿಮ್ಮ ಬಿಲ್ಡಿಂಗ್‌ನೋರಿಗೆಲ್ಲ ಒಟ್ಟಿಗೇ ಕಿವುಡು ಬಂತಾ? ಐದು ತಿಂಗಳಾಯ್ತು, ಒಬ್ರೂ ಎತ್ತಲ್ಲ. ನಾನೇನು ತಪ್ಪು ಮಾಡ್ದೆ ಅಂತ ಯೋಚ್ನೆ ಮಾಡಿ ಮಾಡಿ ಸಾಕಾಯ್ತು.”

“ಇವರ ಕೈಗೆ ಕೊಡೋ. ಯಂತ್ರಗಳು ಇವರ ಮಾತು ಮೀರಲ್ಲ, ನಾವು ಮೀರಿದ್ರೂ,” ಎಂದಳು ಹೆಂಡತಿ.

ನಿಜ ಹೇಳುವ ಬದಲು ಅವನ ಫೋನಿನಲ್ಲಿ ಏನೇನೋ ಒತ್ತಿ, “ಸರಿಹೋಯ್ತು” ಎಂದೆ.

“ತಾಳಿ, ನಿಮಗೇ ಒಂದು ಮಾಡಿ ನೋಡ್ತೀನಿ.”

ಮೇಜಿನ ಮೇಲಿದ್ದ ನನ್ನ ಫೋನ್ ಸದ್ದು ಮಾಡಲಿಲ್ಲ. ಇಬ್ಬರೂ ಅದನ್ನೇ ನೋಡಿದೆವು. ಅವನು ನಿಧಾನವಾಗಿ ತನ್ನದನ್ನು ಜೇಬಿಗೆ ಹಾಕಿಕೊಂಡ.

“ಇರ್ಲಿ ಬಿಡಿ ಭಾವ, ನಿಮಗೂ ನಿಮ್ಮ ಕೆಲ್ಸ ಇರುತ್ತೆ,” ಎಂದು ಎದ್ದ.

ತಿದ್ದಿದ ಪಟ್ಟಿಯನ್ನು ಈಗ ತಾನೇ ಎಲ್ಲರಿಗೂ ಕಳುಹಿಸಿದೆ. ಬದಲಾವಣೆಗೆ ಕಾರಣ ಎಂಬಲ್ಲಿ ‘ಕಣ್ತಪ್ಪು’ ಎಂದು ಬರೆದೆ. ಅದೂ ಸುಳ್ಳೇ. ನಾಳೆ ನಾನೇ ಅವನಿಗೆ ಫೋನ್ ಮಾಡಿ ಹೇಳಬೇಕು. ಅವನು ಎತ್ತಿದರೆ.