ಕಡಲಿಗೆ ಕೊಟ್ಟ ಬಾಗಿನ

ಮಲ್ಪೆಯಿಂದ

ಮಂಗಳಗೌರಿ ಅಕ್ಕನಿಗೆ ರವೀಶನ ನಮಸ್ಕಾರ.

ನೀನು ಸಮುದ್ರಕ್ಕೆಂದು ಕೊಟ್ಟ ಬಾಗಿನ ನೆನೆಯಬಾರದೆಂದು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಅಲೆಗೆ ಬಿಟ್ಟೆ. ನನ್ನ ಜಾಣತನ ನೋಡು! ಅದು ಮೀನಿನ ಬಲೆಗೆ ಸಿಕ್ಕಿ, ಇಂಥವೇ ಒಂದು ರಾಶಿ ಕವರುಗಳ ಜೊತೆ ನನ್ನ ಕಣ್ಣೆದುರೇ ದಡಕ್ಕೆ ಬಂತು. ಮೀನು ಬರೀ ಒಂದು ಬುಟ್ಟಿ. ಬಲೆ ಬಿಡಿಸುತ್ತಿದ್ದ ಹೆಂಗಸು ಗಂಟನ್ನು ನನ್ನ ಕೈಗಿಟ್ಟು, "ಬಾಗಿನ ಕೊಡುವುದು ಕೆರೆ ತುಂಬಿದಾಗ ಅಲ್ವಾ ಮಾರಾಯ್ರೆ? ಕಡಲು ತುಂಬಿದ್ದು ಯಾವಾಗ, ಈ ಕವರಿಂದಲಾ?" ಎಂದಳು. ನಮ್ಮ ತುಮಕೂರಿನ ಶಿರಾ ಗೇಟ್ ಅಂಗಡಿಯಲ್ಲಿ ಯಾರಿಗೂ ಮಾತಿನಲ್ಲಿ ಸೋಲದವನು ಗಂಟನ್ನು ಚೀಲಕ್ಕೆ ತುರುಕಿಕೊಂಡೆ.

ಬಾಗಿನ ವಾಪಸ್ ತರುತ್ತಿದ್ದೇನೆ, ಬೈಯಬೇಡ. ನನ್ನ ಮಂಡಿನೋವು ಈಗ ಪರವಾಗಿಲ್ಲ. ಬಸ್ ಬಂತು.

ಆ ಹೆಂಗಸು ಯಾವೂರೆಂದೂ ಕೇಳಿದಳು, ಅಕ್ಕ. ನಮ್ಮೂರಿನ ಮಾನ ಹೋದೀತೆಂದು ತುಮಕೂರೆನ್ನಲು ನಾಚಿಕೆಯಾಗಿ ಬೆಂಗಳೂರು ಎಂದುಬಿಟ್ಟೆ.

ನಿನ್ನ ತಮ್ಮ